ಕಡಲು ಕಾಣದವನು ಬರೆದ ಮೀನುಗಳು

೧೯೫೬ರ ನವೆಂಬರ್ ಒಂದನೇ ತಾರೀಖು ಮೈಸೂರು ರಾಜ್ಯಕ್ಕೆ ಸಮುದ್ರ ಬಂತು. ಹಿಂದಿನ ದಿನದವರೆಗೂ ನಮ್ಮದು ಕೆರೆ, ಕಾಲುವೆ, ಕಾವೇರಿಗಳ ರಾಜ್ಯ. ಬೆಳಗಾಗುವಷ್ಟರಲ್ಲಿ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ ನಮ್ಮ ನಕ್ಷೆಯೊಳಗೆ ಸೇರಿಕೊಂಡಿತ್ತು. ಆದರೆ ಮೈಸೂರು ನಗರದಲ್ಲಿದ್ದ ನಮ್ಮಂಥವರಿಗೆ ಅದು ಕಾಣಿಸಲಿಲ್ಲ. ಕಾಣಿಸುವ ಕೆಲಸ ಮರುವರ್ಷದ ದಸರೆಯ ಹೊತ್ತಿಗೆ ನನ್ನ ಪಾಲಿಗೆ ಬಂತು. ಅದನ್ನು ನಾನು ಎಷ್ಟು ಅಂದವಾಗಿ ಕೆಡಿಸಿದೆ ಎಂಬುದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಮರ್ಯಾದೆ.

ನಾನು ಪಡುವಾರಹಳ್ಳಿಯ ಬೆಟ್ಟಯ್ಯ. ನಮ್ಮಪ್ಪ ಜವರಯ್ಯ ಬೇಸಾಯಗಾರ. ನಾನು ನೇಗಿಲು ಹಿಡಿದರೆ ಸಾಲು ಹಾವು ಹರಿದ ಹಾಗೆ ಆಗುತ್ತಿತ್ತು. ಅಪ್ಪ ಎರಡು ವರ್ಷ ಸಹಿಸಿಕೊಂಡು, ‘ಹೊಲ ಹಾಳು ಮಾಡೋದು ಸಾಕು, ಗೋಡೆ ಹಾಳು ಮಾಡೋಗು’ ಎಂದು ಕೈಗೆ ಬ್ರಷ್ಷು ಕೊಟ್ಟ. ಮಂಡಿ ಮೊಹಲ್ಲಾದಲ್ಲಿ ಒಂದು ಮಳಿಗೆ ಹಿಡಿದು ಬೋರ್ಡು ಬರೆಯಲು ಕೂತೆ. ಅಕ್ಷರ ಚೆನ್ನಾಗಿ ಬರೆಯುತ್ತಿದ್ದೆ, ಅದರಲ್ಲಿ ಸುಳ್ಳಿಲ್ಲ. ನನ್ನ ಕಷ್ಟವಿದ್ದದ್ದು ಕೈಯಲ್ಲಲ್ಲ, ಬಾಯಲ್ಲಿ. ಯಾರು ಏನು ವಿವರಿಸಲು ಹೊರಟರೂ ಅರ್ಧಕ್ಕೇ ತಡೆದು ‘ಗೊತ್ತು ಬುಡಿ’ ಎನ್ನುತ್ತಿದ್ದೆ. ಒಬ್ಬ ಹಲ್ಲಿನ ಡಾಕ್ಟರಿಗೆ ಹಾಗೆ ಹೇಳಿಯೇ ಒಂದು ನಗುವ ಬಾಯಿ ಬರೆದುಕೊಟ್ಟೆ. ಮೇಲ್ಸಾಲಿನಲ್ಲೇ ಇಪ್ಪತ್ತೆರಡು ಹಲ್ಲು. ಡಾಕ್ಟರು ಬೀದಿಯಲ್ಲಿ ನಿಂತು ಬೆರಳು ಮಡಚಿ ಎಣಿಸಿದರು. ನಾನು ಅದಕ್ಕೂ, ‘ದೂರದಿಂದ ಕಾಣ್ಬೇಕಲ್ಲ ಸಾರ್’ ಎಂದೆ.

ಇಂಥ ನನ್ನನ್ನು ಹುಡುಕಿಕೊಂಡು ೧೯೫೭ರ ಆಗಸ್ಟ್‌ನಲ್ಲಿ ಲಕ್ಷ್ಮೀನರಸಿಂಹಯ್ಯನವರು ಬಂದರು. ಅವರು ಊರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಬಿಳಿ ಪಂಚೆ, ಮುಚ್ಚುಕೋಟು, ಜೇಬಿನಲ್ಲಿ ಎರಡು ಪೆನ್ನು. ದಸರಾ ವಸ್ತುಪ್ರದರ್ಶನದಲ್ಲಿ ಹೊಸ ಕರಾವಳಿಯ ಮೀನುಗಳ ಬಗ್ಗೆ ಒಂದು ಮಳಿಗೆ ಹಾಕುವ ಹೊಣೆ ಅವರ ಮೇಲೆ ಬಿದ್ದಿತ್ತು.

“ಸಮುದ್ರದ ಮೀನು ಬರೆದು ಅಭ್ಯಾಸ ಇದೆಯೇನ್ರಿ?” ಎಂದರು.

“ಗೊತ್ತು ಬುಡಿ ಸಾರ್. ಹುಟ್ಟಿದಾಗಿಂದ ಮೀನು ತಿಂದ್ಕೊಂಡೇ ಬೆಳ್ದಿರೋನು.”

“ನೀವು ತಿಂದಿರೋದು ಕೆರೆ ಮೀನು. ಇದು ಬೇರೆ. ಸಮುದ್ರದಲ್ಲೂ ಒಂದೊಂದು ಜಾಗಕ್ಕೆ ಒಂದೊಂದು ಥರ ಮೀನು ಕಣ್ರೀ. ಬಂಡೆ ಸಂದಿಯಲ್ಲಿ ಇರೋದು ಮರಳಲ್ಲಿರಲ್ಲ. ಹೊಳೆ ಬಂದು ಸಮುದ್ರ ಸೇರೋ ಅಳಿವೆಯಲ್ಲಿ ಇರೋದು ನಡುಗಡಲಲ್ಲಿ ಇರಲ್ಲ. ಜನಕ್ಕೆ ಗೊತ್ತಾಗಬೇಕಾದ್ದೇ ಅದು. ನಾಲ್ಕು ಜಾಗ, ನಾಲ್ಕು ದೊಡ್ಡ ಹಲಗೆ. ಯಾವ ಮೀನು ಯಾವ ಹಲಗೆಗೆ ಅನ್ನೋದು ತಪ್ಪಿದರೆ ಎಲ್ಲಾ ಹೋಯ್ತು.”

“ಗೊತ್ತು ಬುಡಿ ಸಾರ್,” ಎಂದೆ ಮತ್ತೆ.

ಮೀನುಗಳು ಕರಾವಳಿಯಿಂದ ಗಾಜಿನ ಜಾಡಿಗಳಲ್ಲಿ ಬಂದಿದ್ದವು, ಕೆಡದಂತೆ ಔಷಧಿ ನೀರಿನಲ್ಲಿ ಮುಳುಗಿಸಿಕೊಂಡು. ಪ್ರತಿ ಜಾಡಿಯ ಮೇಲೂ ಒಂದು ನಂಬರಿನ ಚೀಟಿ. ಜೊತೆಗೊಂದು ಪಟ್ಟಿ: ಇಂಥ ನಂಬರು, ಇಂಥ ಮೀನು, ಇಂಥ ಜಾಗ. ಜಾಡಿಗಳನ್ನು ಕಾಲೇಜಿನಿಂದ ಜಟಕಾಗಾಡಿಯಲ್ಲಿ ಹೇರಿಕೊಂಡು ನನ್ನ ಮಳಿಗೆಗೆ ಹೊರಟೆ. ದಾರಿಯಲ್ಲಿ ಕುದುರೆ ಒಂದು ಸಲ ಬೆದರಿತು. ಜಾಡಿ ಒಡೆಯಲಿಲ್ಲ, ಆದರೆ ಮುಚ್ಚಳಗಳ ಸಂದಿಯಿಂದ ನೀರು ಸೋರಿ, ಅಂಟು ಕರಗಿ, ಮಳಿಗೆ ತಲುಪುವ ಹೊತ್ತಿಗೆ ಮುಕ್ಕಾಲು ಪಾಲು ಚೀಟಿಗಳು ಗಾಡಿಯ ಹುಲ್ಲಿನ ಮೇಲೆ ಬಿದ್ದಿದ್ದವು. ಬೇರೆ ಯಾರಾದರೂ ಆಗಿದ್ದರೆ ಅದೇ ಗಾಡಿಯಲ್ಲಿ ಹಿಂದಿರುಗಿ ಮೇಷ್ಟ್ರನ್ನು ಕೇಳುತ್ತಿದ್ದರು. ನಾನು ಚೀಟಿಗಳನ್ನು ಆರಿಸಿ, ಒಣಗಿಸಿ, ಮುಖ ನೋಡಿ ಮಣೆ ಹಾಕುವಂತೆ ಒಂದೊಂದು ಮೀನಿನ ಮುಖ ನೋಡಿ ಅಂಟಿಸಿದೆ. ಒರಟು ಮುಖದ್ದಕ್ಕೆ ಬಂಡೆ, ಸಾಧು ಮುಖದ್ದಕ್ಕೆ ಮರಳು.

ಇನ್ನು ಬಣ್ಣ. ಔಷಧಿ ನೀರು ಬಣ್ಣವನ್ನೆಲ್ಲ ಹೀರಿಬಿಟ್ಟಿತ್ತು. ಎಲ್ಲ ಮೀನುಗಳೂ ನೆನೆಹಾಕಿದ ಅವರೆಕಾಳಿನ ಸಿಪ್ಪೆಯಂತೆ ಕಂಡವು. ಮೇಷ್ಟ್ರನ್ನು ಕೇಳಿದರೆ ಅವರು ಕೋಟಿನ ಗುಂಡಿ ತಿರುವುತ್ತಾ, “ನಿಜ ಹೇಳಬೇಕೂಂದ್ರೆ ನಾನೂ ಜೀವಂತ ನೋಡಿಲ್ಲ ಬೆಟ್ಟಯ್ಯನೋರೆ. ಪುಸ್ತಕದಲ್ಲಿರೋದು ಕಪ್ಪು ಬಿಳುಪು. ಬಣ್ಣ ಕೇಳಿ ಆ ಕಡೆಯವರಿಗೆ ಕಾಗದ ಹಾಕಿದೀನಿ. ಉತ್ತರ ಬರೋವರೆಗೂ ತಡೀರಿ” ಎಂದರು. ನಾನು ತಡೆಯಲಿಲ್ಲ. ಸಿನಿಮಾ ಟೆಂಟಿನ ಬೋರ್ಡಿಗೆ ಬಳಿದು ಉಳಿದಿದ್ದ ಗುಲಾಬಿ, ಕಡುಹಳದಿ, ಗಿಳಿಹಸಿರು ನನ್ನಲ್ಲಿದ್ದವು. ಬಂಗುಡೆಯ ಚೀಟಿ ಅಂಟಿಸಿಕೊಂಡಿದ್ದ ಮೀನಿಗೆ ಗುಲಾಬಿ ಬಳಿದೆ. ಪಟ್ಟಿಯಲ್ಲಿ ನಡುಗಡಲು ಎಂದಿದ್ದರೂ, ಬಣ್ಣ ಎದ್ದು ಕಾಣಲಿ ಎಂದು ಕಪ್ಪು ಬಂಡೆಯ ಪಾಲಿಗೆ ಹಾಕಿದೆ. ಅದು ಒಬ್ಬಂಟಿಯಾಗಿ ಬಂಡೆಯ ಸಂದಿಯಿಂದ ಇಣುಕುತ್ತಿತ್ತು, ಮದುವೆ ಮನೆಯ ಹೆಣ್ಣಿನ ಹಾಗೆ.

ನಂಗು ಎಂಬ ಚಪ್ಪಟೆ ಮೀನಿನ ಎರಡು ಕಣ್ಣೂ ಒಂದೇ ಪಕ್ಕದಲ್ಲಿದ್ದವು. ಜಾಡಿಯಲ್ಲಿ ಒತ್ತಿಕೊಂಡು ಪಾಪ ಹೀಗಾಗಿದೆ ಎಂದು ತಿಳಿದು, ಒಂದು ಕಣ್ಣನ್ನು ಅಳಿಸಿ ದೇವರ ತಪ್ಪನ್ನು ತಿದ್ದಿದೆ. ಅಳಿವೆಯ ಪಟ್ಟಿಯಲ್ಲಿ ‘ಕೆಸರಿನ ಮೇಲೆ ನೆಗೆದಾಡುವ ಮೀನು’ ಎಂದಿತ್ತು. ಮೀನು ಎಲ್ಲಾದರೂ ನೀರು ಬಿಟ್ಟು ನೆಗೆಯುತ್ತದೆಯೇ? ಗುಮಾಸ್ತನ ಕೈತಪ್ಪು ಎಂದು ಅದನ್ನು ನಡುಗಡಲಿಗೆ ತಳ್ಳಿದೆ. ಮರಳು ತೀರದ ಪಟ್ಟಿಯ ಕೊನೆಯಲ್ಲಿ ‘ಕಾಣೆ’ ಎಂದು ಬರೆದಿತ್ತು. ಆ ಜಾಡಿ ಎಲ್ಲೋ ಕಳೆದುಹೋಗಿದೆ, ಪ್ರಾಮಾಣಿಕ ಜನ, ಕಾಣೆ ಎಂದು ಬರೆದು ಕಳಿಸಿದ್ದಾರೆ ಎಂದು ಮೆಚ್ಚಿಕೊಂಡು ಆ ಜಾಗವನ್ನು ಖಾಲಿ ಬಿಟ್ಟೆ. ಕೊನೆಯಲ್ಲಿ ಹೆಸರಿಲ್ಲದ ಒಂದು ಉದ್ದನೆಯ ಮೀನು ಉಳಿಯಿತು. ಅದನ್ನೂ ಬಂಡೆಗೆ ಸೇರಿಸಿದೆ.

ಮೇಷ್ಟ್ರು ಬಂದು ನೋಡಿದರು. ಅವರ ಕಾಗದಕ್ಕೆ ಉತ್ತರ ಬಂದಿರಲಿಲ್ಲ, ಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು. “ಕಾಗುಣಿತ ಸರಿಯಾಗಿದೆ” ಎಂದರು. ಮೇಲಧಿಕಾರಿಗಳೂ ಬಂದು ನೋಡಿ ಹಲಗೆಗಳನ್ನು ಪಾಸು ಮಾಡಿದರು.

ಪ್ರದರ್ಶನ ತೆರೆದ ಮೊದಲ ಮೂರು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ದಸರೆಗೆಂದು ಹಳ್ಳಿಗಳಿಂದ ಬಂದವರು ಹಲಗೆಗಳ ಮುಂದೆ ಬಾಯಿ ತೆರೆದು ನಿಂತರು. ಬೆಟ್ಟ ಹತ್ತಿ ಇಳಿದು, ಅರಮನೆ ನೋಡಿ, ಕಡೆಗೆ ನನ್ನ ಸಮುದ್ರ. ಒಬ್ಬ ಅಜ್ಜಿ ಗುಲಾಬಿ ಬಂಗುಡೆಗೆ ಕೈ ಮುಗಿದಳು. ಯಾವುದೋ ಸಮಿತಿಯವರು ಬಂದು ನನ್ನ ಹೆಸರು ಬರೆದುಕೊಂಡು, ಪದಕಕ್ಕೆ ಶಿಫಾರಸು ಮಾಡುವುದಾಗಿ ಹೇಳಿದರು. ನಾನು ಹಲಗೆಗಳ ಪಕ್ಕದಲ್ಲಿ ಕೈಕಟ್ಟಿಕೊಂಡು, ಯಾರಾದರೂ ‘ಬರ್ದೋರು ಯಾರು?’ ಎಂದು ಕೇಳಲಿ ಎಂದು ಕಾಯುತ್ತಾ ನಿಲ್ಲುತ್ತಿದ್ದೆ. ಕೇಳದಿದ್ದರೆ ಕೆಮ್ಮುತ್ತಿದ್ದೆ.

ನಾಲ್ಕನೇ ದಿನ ಕೇಳಿದವರು ಪದ್ದಕ್ಕ. ನಮ್ಮ ಮಳಿಗೆಯ ಒಂದು ಮೂಲೆಯಲ್ಲಿ ಒಣಮೀನು ಇಟ್ಟುಕೊಳ್ಳಲು ಕುಂದಾಪುರದ ಹತ್ತಿರದ ಗಂಗೊಳ್ಳಿಯಿಂದ ಮೀನುಗಾರರ ಸಂಘದವರು ಬಂದಿದ್ದರು. ಅವರಲ್ಲಿ ಪದ್ದಕ್ಕನೇ ದೊಡ್ಡವರು. ಐವತ್ತು ದಾಟಿದ ಹೆಂಗಸು, ಮಂಡಿಯವರೆಗೆ ಎತ್ತಿ ಕಟ್ಟಿದ ಸೀರೆ, ಕಂಚಿನ ಗಂಟೆಯಂಥ ಗಂಟಲು. ಬುಟ್ಟಿ ಇಳಿಸಿ ತಲೆಯ ಸಿಂಬಿ ಬಿಚ್ಚುತ್ತಾ ನನ್ನ ಹಲಗೆಗಳನ್ನು ಒಂದು ಸುತ್ತು ನೋಡಿದರು.

“ಹ್ವಾಯ್, ಈ ಮೀನೆಲ್ಲ ಬರ್ದದ್ದ್ ಯಾರ್ ಮಾರಾಯ್ರೆ?”

ನಾನು ಎದೆ ಮುಂದೆ ಮಾಡಿ, “ನಾನೇ ಕಣಮ್ಮ” ಎಂದೆ.

“ಇದೆಂತ ಮೀನ್?”

“ಬಂಗುಡೆ. ಕೆಳಗೆ ಬರ್ದಿದೀನಲ್ಲ.”

“ಬಂಗ್ಡಿ ಯಾವತ್ತ್ ಗುಲಾಬಿ ಬಣ್ಣ ಆದ್ದ್? ಅದ್ ಕಲ್ಲ್ ಸಂದಿಯಂಗೆ ಒಂದೇ ಕೂಕಂಡ್ ಎಂತ ಮಾಡ್ತಿತ್ತ್? ಸಾವ್ರ ಸಾವ್ರ ಒಟ್ಟಿಗೆ ನಡು ಕಡ್ಲಂಗೆ ಹೋಪು ಮೀನ್ ಅದ್!”

ಸುತ್ತ ಜನ ಸೇರತೊಡಗಿದರು. ಮೂರು ದಿನದಿಂದ ಜನ ಸೇರಲಿ ಎಂದು ಕೆಮ್ಮುತ್ತಿದ್ದವನು ಈಗ ಜನ ಚೆದುರಲಿ ಎಂದು ಚಾಮುಂಡಿಯನ್ನು ಬೇಡಿಕೊಂಡೆ. ಪದ್ದಕ್ಕ ಮರಳು ತೀರದ ಹಲಗೆಯ ಮುಂದೆ ನಿಂತರು.

“ನಂಗಿನ ಇನ್ನೊಂದ್ ಕಣ್ಣ್ ಎಲ್ಲಿ? ಕಾಗೆ ಕುಕ್ಕಿತ್ತಾ? ಕಾಣೆ ಎಲ್ಲಿತ್ತ್? ಮರ್ಲ್ ಅಂದ್ಮೇಲೆ ಕಾಣೆ ಬೇಡ್ದಾ?”

“ಅದು ಕಾಣೆಯಾಗಿದೆ ಕಣಮ್ಮ. ಪಟ್ಟೀಲೇ ಹಂಗೆ ಬರ್ದವ್ರೆ,” ಎಂದೆ.

ಪದ್ದಕ್ಕ ಒಣಮೀನಿನ ಬುಟ್ಟಿಯ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ನಗತೊಡಗಿದರು. ಅವರ ಜೊತೆಯವರೂ ನಕ್ಕರು. ಏನೂ ಅರ್ಥವಾಗದ ನಮ್ಮೂರ ಜನವೂ ನಕ್ಕರು. “ಅದ್ ಮೀನಿನ್ ಹೆಸ್ರ್ ಮಾರಾಯ್ರೆ!” ಎಂದರು ಪದ್ದಕ್ಕ, ಕಣ್ಣೊರೆಸಿಕೊಳ್ಳುತ್ತಾ. ಹೆಸರಿಲ್ಲದೆ ನಾನು ಬಂಡೆಗೆ ಸೇರಿಸಿದ್ದ ಉದ್ದ ಮೀನನ್ನು ತೋರಿಸಿ, “ಕಾಣಿ, ಅಲ್ಲಿತ್ತ್ ನಿಮ್ಮ್ ಕಾಣೆ. ಬಲೆ ಎಳುವತಿಗೆ ಮರ್ಲಂಗೆ ಹೊಕ್ಕಂಡ್ ಅಡ್ಗುದ್ ಅದ್. ನೀವ್ ಅದ್ನ ಕಲ್ಲಿಗ್ ಹತ್ಸಿರಿ!”

ಅಲ್ಲಿಗೆ ಸುಮ್ಮನಾಗಬಹುದಿತ್ತು. ನಾನು, “ಗೊತ್ತು ಬುಡಮ್ಮ, ಚಿತ್ರ ಅಂದ್ರೆ ಸ್ವಲ್ಪ ಕಲ್ಪನೆ ಇರ್ಬೇಕು” ಎಂದೆ.

“ನೀವ್ ಕಡ್ಲ್ ಕಂಡಿರ್ಯಾ?”

“ಓ, ಮದ್ರಾಸಲ್ಲಿ ನೋಡಿದೀನಿ.” ನಾನು ಅಲ್ಲಿಯವರೆಗೆ ಬೆಂಗಳೂರು ದಾಟಿದವನಲ್ಲ.

“ಹಂಗಾರೆ ಹೇಳಿ, ಕಡ್ಲ್ ನೀರಿಗ್ ಎಂತ ಬಣ್ಣ?”

“ನೀಲಿ.”

“ಯಾವಾಗ?”

ನಾನು ನನ್ನ ಹಲಗೆಗಳ ಕಡೆ ತಿರುಗಿ ನೋಡಿದೆ. ಬಟ್ಟೆಗೆ ಹಾಕುವ ನೀಲಿಯಂಥದೇ ಎಣ್ಣೆಬಣ್ಣ ಕಲಸಿ ನಾಲ್ಕೂ ಹಲಗೆಗೆ ಒಂದೇ ಸಮ ಬಳಿದಿದ್ದೆ. ಪದ್ದಕ್ಕನ ದನಿಯಲ್ಲಿ ಈಗ ನಗುವಿರಲಿಲ್ಲ. “ಮಳ್ಗಾಲದಂಗೆ ಕೆಂಪ್. ಬೆಳ್ಗಾತ ಬೂದಿ. ಹೊತ್ ಕಂತುವತಿಗೆ ತಾಮ್ರ. ಅಳ್ವಿಯಂಗೆ ಒಂದ್ ಬಣ್ಣ, ಹೊರ್ಗ್ ಹೋರೆ ಇನ್ನೊಂದ್. ಮೀನೂ ಹಂಗೇ, ತಾನ್ ಇಪ್ಪು ಜಾಗದ್ ಬಣ್ಣ ಹೊತ್ಕಂಡ್ ಇರತ್ತ್,” ಎಂದು ಹೇಳಿ ಬುಟ್ಟಿ ಬಿಚ್ಚಲು ಹೋದರು.

ನಾನು ಮಳಿಗೆ ಮುಚ್ಚುವವರೆಗೂ ಕಾಯದೆ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತೆ. ನನ್ನ ಹೆಂಡತಿ ಶಿವನಂಜಮ್ಮ ರಾಗಿ ಕೇರುತ್ತಿದ್ದಳು.

“ಯಾಕ್ರೀ, ಪದಕ ಕೊಡೋರು ಬರ್ನಿಲ್ವಾ?”

“ಆ ಕಡಲ ಕಡೇ ಹೆಂಗ್ಸು ನನ್ನ ಮರ್ಯಾದೆನೆಲ್ಲ ತೆಗ್ದ್ಬುಟ್ಳು ಕಣೇ.” ನಡೆದದ್ದನ್ನೆಲ್ಲ ಹೇಳಿದೆ. ಕಾಣೆಯ ಮಾತು ಬಂದಾಗ ಅವಳ ಮೊರ ನಿಂತಿತು. ನಗು ನುಂಗಲು ಅವಳು ಪಟ್ಟ ಪಾಡನ್ನು ನಾನು ಕಂಡೂ ಕಾಣದ ಹಾಗಿದ್ದೆ.

“ಅಲ್ಲ, ನೀವು ನೋಡ್ದೇ ಇರೋದ್ನ ಬರ್ದು, ದಿನಾ ನೋಡೋರ್ ಹತ್ರ ಜಗ್ಳ ಆಡಿದ್ರಲ್ಲ, ಅದೆಂಥ ಗಂಡಸ್ತನ? ನಮ್ಮಪ್ಪನ ಮನೆ ಎತ್ತಿಗೆ ಯಾರಾದ್ರೂ ಮೂರು ಕೊಂಬು ಬರ್ದಿದ್ರೆ ನಾನು ನಗ್ತಿರ್ನಿಲ್ವಾ? ನಡೀರಿ, ನಾಳೆ ನಾನೂ ಬತ್ತೀನಿ.”

ಮರುದಿನ ಬೆಳಿಗ್ಗೆ ಅವಳು ಬಂದಳು. ನೇರವಾಗಿ ಪದ್ದಕ್ಕನ ಬುಟ್ಟಿಯ ಮುಂದೆ ಕೂತು, ಒಣಮೀನನ್ನು ಮೂಸಿ, ಯಾವುದಕ್ಕೆ ಎಷ್ಟು ಹುಣಸೆಹುಳಿ ಎಂದು ಕೇಳಿದಳು. ಅರ್ಧ ಗಂಟೆಯಲ್ಲಿ ಇಬ್ಬರೂ ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡು ಮಾತಾಡುವಷ್ಟಾದರು. ಅವಳ ಮಾತು ಇವರಿಗೆ ಅರ್ಧ, ಇವರ ಮಾತು ಅವಳಿಗೆ ಅರ್ಧ. ಎರಡು ಅರ್ಧ ಸೇರಿ ನನ್ನ ವಿಷಯ ಮಾತ್ರ ಪೂರ್ತಿಯಾಗಿ ಚರ್ಚೆಯಾಗುತ್ತಿತ್ತು. ಕಡೆಗೆ ಶಿವನಂಜಮ್ಮ ನನ್ನನ್ನು ಕರೆದು, “ಅಕ್ಕ ಹೇಳ್ಕೊಡ್ತಾರಂತೆ. ಬಾಯಿ ಮುಚ್ಕೊಂಡು ತಿದ್ದಿ” ಎಂದಳು.

ಮೇಷ್ಟ್ರು ಮಾತ್ರ ಓಡಿಬಂದು ನನ್ನ ಬ್ರಷ್ಷು ಹಿಡಿದುಕೊಂಡರು. “ಪಾಸಾಗಿರೋ ಚಿತ್ರ ಕಣ್ರೀ! ತಿದ್ದೋಕೆ ಪರ್ಮಿಷನ್ ಬೇಕು. ಪರ್ಮಿಷನ್ ಕೇಳಿದರೆ ತಪ್ಪಿತ್ತು ಅಂತ ಒಪ್ಪಿಕೊಂಡ ಹಾಗಾಯ್ತು.” ಕೊನೆಗೆ ಅವರೇ ಉಪಾಯ ಹೇಳಿದರು. ಹಲಗೆಗಳ ಮುಂದೆ ಒಂದು ಪರದೆ ಇಳಿಬಿಟ್ಟು ‘ಬಣ್ಣ ಹಸಿಯಾಗಿದೆ, ಮುಟ್ಟಬೇಡಿ’ ಎಂದು ಬೋರ್ಡು ಹಾಕಿದೆವು. ಆ ಬೋರ್ಡನ್ನು ನಾನೇ ಬರೆದೆ. ಅದೊಂದರಲ್ಲಿ ತಪ್ಪಿರಲಿಲ್ಲ.

ಪ್ರದರ್ಶನ ತೆರೆಯುತ್ತಿದ್ದದ್ದು ಮಧ್ಯಾಹ್ನದ ಮೇಲೆ. ಬೆಳಗಿನ ಹೊತ್ತು ನಮ್ಮದಾಯಿತು. ಆದರೆ ಬಣ್ಣವನ್ನು ಮಾತಿನಲ್ಲಿ ಹೇಳುವುದು ಹೇಗೆ? ಪದ್ದಕ್ಕ ‘ಹಸ್ರ್’ ಎನ್ನುವರು, ನಾನು ಗಿಳಿಹಸಿರು ಕಲಸುವೆನು, ಅವರು ಮೂಗು ಮುರಿಯುವರು. ಶಿವನಂಜಮ್ಮನೇ ಅವರನ್ನು ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೊರಟಳು. ಹಿಂದೆ ನಾನು, ನನ್ನ ಹಿಂದೆ ಮೇಷ್ಟ್ರು. ವೀಳ್ಯದೆಲೆಯ ಕಟ್ಟುಗಳ ಮುಂದೆ ಪದ್ದಕ್ಕ ನಿಂತು, ಒಂದು ಎಳೆಯ ಎಲೆ ಎತ್ತಿ, ಪಕ್ಕದ ಅಂಗಡಿಯ ನೀಲಿ ದಾರದ ಉಂಡೆಯನ್ನು ಅದಕ್ಕೆ ಒತ್ತಿ ಹಿಡಿದು, “ಬಂಗ್ಡಿ ಬೆನ್ನ್ ಇವೆರಡ್ರ ನಡು” ಎಂದರು. ಹೊಟ್ಟೆಗೆ ಪಾತ್ರೆ ಅಂಗಡಿಯ ಹೊಸ ಕಲಾಯಿ. ಬಂಡೆಯ ಸಂದಿಯಲ್ಲಿರುವ ಮುರು ಮೀನಿಗೆ ಹಲಸಿನ ಬೀಜದ ಕಂದು, ಮೇಲೆ ಚುಕ್ಕೆ. ಕೆಸರಿನಲ್ಲಿ ನೆಗೆಯುವ ಮೀನಿಗೆ ಒದ್ದೆ ಗೋಣಿಚೀಲ. ಕಾಣೆಗೆ ಮಾರುಕಟ್ಟೆಯಲ್ಲಿ ಏನೂ ಸಿಗಲಿಲ್ಲ. ಆಮೇಲೆ ನಮ್ಮ ಮನೆಗೆ ಊಟಕ್ಕೆ ಬಂದ ಪದ್ದಕ್ಕ, ಶಿವನಂಜಮ್ಮ ಅಕ್ಕಿ ತೊಳೆದ ನೀರು ಚೆಲ್ಲಲು ಹೊರಟದ್ದನ್ನು ತಡೆದು, ಪಾತ್ರೆಯನ್ನು ಬಿಸಿಲಿಗೆ ಹಿಡಿದು, “ಇದೇ!” ಎಂದು ಕೂಗಿದರು.

ನಮ್ಮ ಮೇಷ್ಟ್ರು ಇಷ್ಟೂ ದಿನ ನೋಟುಬುಕ್ಕು ಹಿಡಿದು ಹಿಂದೆ ಹಿಂದೆ ಬಂದರು. ಯಾವ ಮೀನು ಯಾವ ತಿಂಗಳಲ್ಲಿ ಅಳಿವೆಗೆ ಬರುತ್ತದೆ, ಕಾಂಡ್ಲಾ ಗಿಡಗಳು ಕೆಸರಲ್ಲಿ ಇಳಿಬಿಟ್ಟ ಬೇರುಗಳ ನಡುವೆ ಯಾವುದರ ಮರಿಗಳು ಬೆಳೆಯುತ್ತವೆ, ಮಳೆಗಾಲದ ಸಿಹಿನೀರು ಇಳಿದಾಗ ಯಾವುದು ಹೊರಗೆ ಓಡುತ್ತದೆ, ಎಲ್ಲ ಬರೆದುಕೊಂಡರು. ಒಂದು ಬೆಳಿಗ್ಗೆ ನನ್ನ ಕಿವಿಯಲ್ಲಿ, “ಇಪ್ಪತ್ತು ವರ್ಷದಿಂದ ಪಾಠ ಹೇಳ್ತಿದೀನಿ ಬೆಟ್ಟಯ್ಯನೋರೆ. ಹೆಸರು ಗೊತ್ತಿತ್ತು, ಮನೆ ಗೊತ್ತಿರಲಿಲ್ಲ” ಎಂದರು. ನನಗೆ ಹೆಸರೂ ಗೊತ್ತಿರಲಿಲ್ಲ ಎಂದು ಹೇಳಿ ಅವರನ್ನು ಸಮಾಧಾನಪಡಿಸಿದೆ.

ಆರು ಬೆಳಗಿನ ಕೆಲಸದ ನಂತರ ಪರದೆ ತೆಗೆದೆವು. ಬಂಗುಡೆಗಳು ಈಗ ನಡುಗಡಲಿನಲ್ಲಿ ಗುಂಪು ಗುಂಪಾಗಿದ್ದವು. ನಂಗಿಗೆ ಕಣ್ಣು ವಾಪಸು ಬಂದಿತ್ತು. ಪದ್ದಕ್ಕ ಮರಳು ತೀರದ ಮುಂದೆ ನಿಂತು, “ಮತ್ತೆ ಬಿಟ್ಟಿರ್ಯಾ ಮಾರಾಯ್ರೆ, ಕಾಣೆ ಇಲ್ಲೆ?” ಎಂದರು. ನಾನು ‘ಗೊತ್ತು ಬುಡಿ’ ಎನ್ನದೆ ಪಕ್ಕಕ್ಕೆ ಸರಿದೆ. ಅವರು ಹತ್ತಿರ ಬಗ್ಗಿ ನೋಡಿದರು. ಮರಳಿನಲ್ಲಿ ಅರ್ಧ ಹೂತು, ಮರಳಿನದೇ ಬಣ್ಣದಲ್ಲಿ ಮೂರು ಕಾಣೆಗಳು ಮಲಗಿದ್ದವು. ಪದ್ದಕ್ಕ ಬೆರಳಿನಿಂದ ಒಂದೊಂದನ್ನೇ ಮುಟ್ಟಿ, ನನ್ನ ಕಡೆ ತಿರುಗಿ, ಹೌದೆಂದು ತಲೆಯಾಡಿಸಿದರು. ನನ್ನ ಇಡೀ ವೃತ್ತಿಯಲ್ಲಿ ನನಗೆ ಸಿಕ್ಕಿದ ಬಿರುದು ಅದೊಂದೇ. ಯಾಕೆಂದರೆ ಮಿಕ್ಕದ್ದೆಲ್ಲ ಅಂದು ಸಂಜೆಯೇ ಹೋಯಿತು.

ಸಂಜೆ ಬಂದ ಜನ ಹಲಗೆಗಳ ಮುಂದೆ ನಿಲ್ಲಲೇ ಇಲ್ಲ. “ಓದ್ ವಾರ ಎಷ್ಟ್ ಚೆನ್ನಾಗಿತ್ತು, ಬಣ್ಣ ಎಲ್ಲಾ ಮಾಸೋಗದೆ” ಎನ್ನುತ್ತಾ ಪಕ್ಕದ ಬೊಂಬೆ ಮಳಿಗೆಗೆ ಹೋದರು. ಗುಲಾಬಿ ಬಂಗುಡೆಗೆ ಕೈ ಮುಗಿದಿದ್ದ ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಬಂದು, ಹುಡುಕಿ, ದೇವರು ಎಲ್ಲಿ ಹೋಯಿತು ಎಂದು ನನ್ನನ್ನೇ ಕೇಳಿದಳು. ಸಮಿತಿಯವರು ಎರಡನೇ ಸಲ ಬಂದು, ಒಬ್ಬರ ಮುಖ ಒಬ್ಬರು ನೋಡಿ, ಪದಕವನ್ನು ಕಾಯಿಪಲ್ಯಗಳಲ್ಲಿ ಕೋಟೆ ಕಟ್ಟಿದ್ದ ಶಿವಮಲ್ಲಪ್ಪ ಎಂಬುವರಿಗೆ ಕೊಟ್ಟರು. ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ಎರಡು ದಿನ ಬೂದುಗುಂಬಳದ ಕಡೆ ನೋಡಲಾಗಲಿಲ್ಲ.

ಮುಂದಿನ ಜನವರಿಯಲ್ಲಿ ಶಿವನಂಜಮ್ಮನ ಹಟಕ್ಕೆ ಗಂಗೊಳ್ಳಿಗೆ ಹೋದೆವು. ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಘಟ್ಟ ಇಳಿಯುವ ಬಸ್ಸು. ಹಲಗೆ, ಬಣ್ಣ, ಬ್ರಷ್ಷು ಎಲ್ಲ ಹೊತ್ತುಕೊಂಡು ಹೋಗಿದ್ದೆ. ಪದ್ದಕ್ಕನ ಮೈದುನ ನಮ್ಮನ್ನು ದೋಣಿಯಲ್ಲಿ ಅಳಿವೆಗೆ ಕರೆದೊಯ್ದ. ಅಲ್ಲಿ ಹೊಳೆಯ ಹಸಿರು ನೀರೂ ಕಡಲಿನ ಬೂದು ನೀರೂ ಒಂದಕ್ಕೊಂದು ಬೆರೆಯದೆ ಪಕ್ಕಪಕ್ಕದಲ್ಲಿ ಹರಿಯುತ್ತಿದ್ದವು, ನಡುವೆ ನೊರೆಯ ಒಂದು ಗೆರೆ. ಅದನ್ನು ನೋಡಿ ಏನಾದರೂ ದೊಡ್ಡ ಮಾತು ಹೇಳಬೇಕೆಂದು ಬಾಯಿ ತೆರೆದೆ. ಬೆಳಿಗ್ಗೆ ತಿಂದ ಕಡುಬು ಹೊರಗೆ ಬಂತು. ಶಿವನಂಜಮ್ಮ ಒಂದು ಕೈಯಲ್ಲಿ ನನ್ನ ಅಂಗಿಯ ಬೆನ್ನು ಹಿಡಿದುಕೊಂಡು, ಇನ್ನೊಂದರಲ್ಲಿ ಬಲೆ ಎಳೆಯುವವರಿಗೆ ನೆರವಾದಳು. ದಡಕ್ಕೆ ಬಂದ ಮೇಲೆ ಕಾಂಡ್ಲಾ ಬೇರುಗಳ ಕೆಸರಿನ ಮೇಲೆ ಆ ನೆಗೆಯುವ ಮೀನು ನಿಜಕ್ಕೂ ನೆಗೆಯುತ್ತಿತ್ತು. ಬರೆಯಲು ಕೂತೆ. ತಲೆ ಮುಗಿಯುವಷ್ಟರಲ್ಲಿ ಬಿಲ ಸೇರಿತು. ಮೂರು ದಿನ ಕಾದು ಒಟ್ಟು ಹನ್ನೊಂದು ತಲೆ ಬರೆದುಕೊಂಡು ಬಂದೆ.

ಆ ನಾಲ್ಕು ಹಲಗೆಗಳನ್ನು ಮೇಷ್ಟ್ರು ತಮ್ಮ ಕಾಲೇಜಿಗೆ ಒಯ್ದು ಪಾಠದ ಕೋಣೆಯಲ್ಲಿ ನಿಲ್ಲಿಸಿಕೊಂಡರು. ಪ್ರತಿ ಶನಿವಾರ ಹೋಗಿ ವಿದ್ಯಾರ್ಥಿಗಳಿಗೆ ಮೀನು ಬರೆಯುವುದನ್ನು ತೋರಿಸಬೇಕೆಂದು ನನ್ನನ್ನು ಕೇಳಿದರು. ಅವರು ನಿವೃತ್ತರಾಗುವವರೆಗೆ, ಅಂದರೆ ಅರವತ್ತೈದರವರೆಗೆ ಹೋದೆ. ಪಡುವಾರಹಳ್ಳಿಯಲ್ಲಿ ನಾನು ಮೀನು ಬೆಟ್ಟಯ್ಯನಾದೆ. ಮಳಿಗೆಯ ಬೋರ್ಡಿನಲ್ಲಿ ಆ ಹೆಸರು ಹಾಕಿಕೊಳ್ಳಬೇಕೆಂದು ಒಮ್ಮೆ ಆಸೆಯಾಗಿತ್ತು. ಗಿರಾಕಿಗಳು ಮೀನು ಕೇಳಿಕೊಂಡು ಬಂದಾರು ಎಂದು ಶಿವನಂಜಮ್ಮ ಬೇಡವೆಂದಳು.

ಅವಳಿಗೂ ಪದ್ದಕ್ಕನಿಗೂ ಈಗಲೂ ಓಡಾಟವಿದೆ. ವರ್ಷಕ್ಕೆರಡು ಸಲ ಇಲ್ಲಿಂದ ವೀಳ್ಯದೆಲೆ, ರಾಗಿಹಿಟ್ಟು, ಊದಿನಕಡ್ಡಿ ಹೋಗುತ್ತದೆ. ಅಲ್ಲಿಂದ ಗೋಣಿಯಲ್ಲಿ ಸುತ್ತಿದ ಒಣಮೀನು ಬರುತ್ತದೆ. ರೈಲ್ವೆ ಪಾರ್ಸಲ್ ಆಫೀಸಿನ ಗುಮಾಸ್ತರು ಮೂಗಿಗೆ ಕರವಸ್ತ್ರ ಹಿಡಿದು, “ಬೇಗ ತಗೊಂಡು ಹೋಗಿ ಸ್ವಾಮಿ, ಮಿಕ್ಕ ಪಾರ್ಸಲ್‌ಗೆಲ್ಲ ವಾಸನೆ ಹತ್ತಿದೆ, ಯಾರದೋ ಮದುವೆ ಸೀರೆ ಬೇರೆ ಇದೆ ಇಲ್ಲಿ” ಎನ್ನುತ್ತಾರೆ. ನಾನು ಕ್ಷಮೆ ಕೇಳಿ, ರುಜು ಹಾಕಿ, ಗೋಣಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊರಡುತ್ತೇನೆ. ಒಂಟಿಕೊಪ್ಪಲಿನ ತಿರುವಿನವರೆಗೆ ಎರಡು ಬೆಕ್ಕುಗಳಾದರೂ ಹಿಂದೆ ಬರುತ್ತವೆ.